ಹಳೆಯ ಆರ್ಕೇಡ್ ಬೋರ್ಡಿನ ಸವೆದ ಅಂಚನ್ನು ಸರಿಪಡಿಸುವ ಬಗೆ

ನಾಣ್ಯ ಹಾಕಿ ವಿಡಿಯೊ ಆಟ ಆಡುವ ಹಳೆಯ ಆರ್ಕೇಡ್ ಯಂತ್ರದಲ್ಲಿ ಆಟ ನಡುವೆಯೇ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತಿದ್ದರೆ, ಅಥವಾ ಪರದೆಯ ಮೇಲೆ ಕೆಂಪು ಬಣ್ಣವೊಂದೇ ಬಂದು ಮಾಯವಾಗುತ್ತಿದ್ದರೆ, ಚಿಪ್‌ಗಳ ಮೇಲೆ ಅನುಮಾನಪಡುವ ಮೊದಲು ಸರ್ಕ್ಯೂಟ್ ಬೋರ್ಡಿನ ಅಂಚನ್ನು ನೋಡಬೇಕು. ವಿದ್ಯುತ್ತು, ಚಿತ್ರ, ಧ್ವನಿ, ಗುಂಡಿಗಳ ಸಂಕೇತ ಎಲ್ಲವೂ ಬೋರ್ಡಿಗೆ ಹೋಗಿ ಬರುವುದು ಆ ಅಂಚಿನ ಲೋಹದ ಪಟ್ಟಿಗಳ ಮೂಲಕವೇ.

1980ರ ದಶಕದ ನಡುಭಾಗದಲ್ಲಿ ಜಪಾನಿನ ತಯಾರಕರ ಸಂಘ ರೂಪಿಸಿದ ‘ಜಾಮಾ’ ಮಾದರಿಯಲ್ಲಿ ಒಂದೊಂದು ಬದಿಗೆ 28ರಂತೆ ಒಟ್ಟು 56 ಪಟ್ಟಿಗಳಿದ್ದು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 3.96 ಮಿಲಿಮೀಟರ್ ಅಂತರವಿರುತ್ತದೆ. ಇವುಗಳಲ್ಲಿ 5 ವೋಲ್ಟ್ ಹೊರುವವು ನಾಲ್ಕೇ: ಮೇಲಿನ ಬದಿಯ 3 ಮತ್ತು 4, ಅವುಗಳ ಹಿಂಬದಿಯ ಎರಡು. ಹೆಚ್ಚಿನ ವಿದ್ಯುತ್ ಪ್ರವಾಹ ಹರಿಯುವುದರಿಂದ ಮೊದಲು ಕಪ್ಪಾಗುವವು ಸಾಮಾನ್ಯವಾಗಿ ಇವು ಮತ್ತು ವಿದ್ಯುತ್ತು ಮರಳಿ ಹೋಗುವ ಗ್ರೌಂಡ್ ಪಟ್ಟಿಗಳು. ಇದಕ್ಕೂ ಹಿಂದಿನ, 1980ರ ಪ್ಯಾಕ್-ಮ್ಯಾನ್ ಬೋರ್ಡಿಗೆ 44 ಪಟ್ಟಿಗಳ ಅಂಚಿನ ಮೂಲಕವೇ 7 ವೋಲ್ಟ್ ಎಸಿ ಕೊಟ್ಟು ಬೋರ್ಡಿನ ಮೇಲೆ ಡಿಸಿ ಮಾಡಿಕೊಳ್ಳುವ ವ್ಯವಸ್ಥೆಯಿದ್ದುದರಿಂದ ಅದರ ಪಟ್ಟಿಗಳು ಸುಟ್ಟಿರುವುದು ಬಹಳ ಸಾಮಾನ್ಯ.

ಒಳ್ಳೆಯ ಬೋರ್ಡಿನಲ್ಲಿ ತಾಮ್ರದ ಮೇಲೆ ನಿಕ್ಕಲ್, ಅದರ ಮೇಲೆ ಚಿನ್ನದ ತೆಳು ಲೇಪವಿರುತ್ತದೆ. ಬೋರ್ಡನ್ನು ಯಂತ್ರದ ತಂತಿಗಳ ತುದಿಯಲ್ಲಿರುವ ಕನೆಕ್ಟರಿಗೆ ತೂರಿಸಿ ತೆಗೆದಾಗಲೆಲ್ಲ ಚಿನ್ನ ಚೂರುಚೂರೇ ಸವೆಯುತ್ತದೆ. ತಳದ ಲೋಹ ಹೊರಬಂದು ಕಿಲುಬು ಹಿಡಿದರೆ ಪ್ರತಿರೋಧ ಏರುತ್ತದೆ, ಪ್ರತಿರೋಧದಿಂದ ಬಿಸಿ, ಬಿಸಿಯಿಂದ ಇನ್ನಷ್ಟು ಕಿಲುಬು. 4 ಆಂಪಿಯರ್ ಎಳೆಯುವ ಬೋರ್ಡಿನ ದಾರಿಯಲ್ಲಿ 0.1 ಓಮ್ ಪ್ರತಿರೋಧ ಸೇರಿದರೆ ಸಾಕು, 0.4 ವೋಲ್ಟ್ ಅಲ್ಲಿಯೇ ಕಳೆದುಹೋಗಿ ಚಿಪ್‌ಗಳಿಗೆ 4.6 ವೋಲ್ಟ್ ಮಾತ್ರ ತಲುಪುತ್ತದೆ. ಆ ಕಾಲದ ಟಿಟಿಎಲ್ ಎಂಬ ಬಗೆಯ ಲಾಜಿಕ್ ಚಿಪ್‌ಗಳಿಗೆ ಕನಿಷ್ಠ 4.75 ವೋಲ್ಟ್ ಬೇಕು. ಹೀಗಾದಾಗ ಅನೇಕರು ಪವರ್ ಸಪ್ಲೈನ ತಿರುಪು ತಿರುಗಿಸಿ ವೋಲ್ಟೇಜ್ ಏರಿಸಿ ಸುಮ್ಮನಾಗುತ್ತಾರೆ. ಇದು ರೋಗವನ್ನು ಮುಚ್ಚಿಡುವ ಕ್ರಮವೇ ಹೊರತು ದುರಸ್ತಿಯಲ್ಲ.

ಕೆಲಸ ಆರಂಭಿಸುವ ಮುನ್ನ ಯಂತ್ರದ ಪ್ಲಗ್ ಕಿತ್ತು, ಬೋರ್ಡನ್ನು ಅಲುಗಾಡಿಸದೆ ನೇರವಾಗಿ ಹೊರಗೆಳೆಯಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಬರೀ ಕೊಳೆ ಹಿಡಿದ ಪಟ್ಟಿಗೂ ಸವೆದ ಪಟ್ಟಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ: ಸವೆದಲ್ಲಿ ಕನೆಕ್ಟರಿನ ಸ್ಪ್ರಿಂಗ್ ಉಜ್ಜಿದ ಉದ್ದನೆಯ ಗೆರೆಯೊಂದು ಕೆಂಪಗೆ ಕಾಣುತ್ತದೆ. ಕೊಳೆಯಾದರೆ ನಯವಾದ ಬಿಳಿ ಪೆನ್ಸಿಲ್ ರಬ್ಬರಿನಿಂದ ಒಳಗಿನಿಂದ ಅಂಚಿನ ಕಡೆಗೆ ಮಾತ್ರ ಹಗುರವಾಗಿ ಉಜ್ಜಿ, ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಮರಳು ಕಾಗದವನ್ನು ಮುಟ್ಟಲೇಬಾರದು. ಉಳಿದಿರುವ ಚಿನ್ನವನ್ನು ಅದು ಒಂದೇ ಉಜ್ಜಿಗೆ ತೆಗೆದುಬಿಡುತ್ತದೆ.

ಪಟ್ಟಿ ಸುಟ್ಟು ಮೇಲೆದ್ದಿದ್ದರೆ ಹೊಸದನ್ನು ಕೂರಿಸಬೇಕಾಗುತ್ತದೆ. ಇಲ್ಲಿ ಅವಸರ ಕೂಡದು. ಎದ್ದ ಭಾಗವನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಿ ತೆಗೆದು, ಕೆಳಗಿನ ಕರಕಲನ್ನು ಗಟ್ಟಿ ಫೈಬರ್ ಸಿಗುವವರೆಗೆ ಹೆರೆಯಬೇಕು. ಕರಕಲು ಉಳಿದರೆ ಅಂಟು ನಿಲ್ಲುವುದಿಲ್ಲ, ಅದರ ಮೂಲಕ ವಿದ್ಯುತ್ತೂ ಸೋರಬಹುದು. ಪಕ್ಕದ ಪಟ್ಟಿಯ ಅಗಲವನ್ನು ಅಳೆದು ಅಷ್ಟೇ ಅಗಲದ ತಾಮ್ರದ ಹಾಳೆಯನ್ನು ಕತ್ತರಿಸಿಕೊಳ್ಳಿ. ಹಾಳೆಯ ದಪ್ಪ ಮೂಲ ತಾಮ್ರದಷ್ಟೇ, ಅಂದರೆ ಸಾಮಾನ್ಯವಾಗಿ 0.035 ಮಿಲಿಮೀಟರ್ ಇರಬೇಕು. ಪಟ್ಟಿಗೆ ಬಂದು ಸೇರುವ ಗೆರೆಯ ಮೇಲಿನ ಹಸಿರು ಲೇಪವನ್ನು ಮೂರು ಮಿಲಿಮೀಟರಿನಷ್ಟು ಕೆರೆದು, ಹೊಸ ಹಾಳೆಯ ತುದಿಯನ್ನು ಅದರ ಮೇಲೆ ಕೂರಿಸಿ ಮೊದಲು ಬೆಸುಗೆ ಹಾಕಬೇಕು. ಅಂಟು ಹಾಕುವುದು ಆಮೇಲೆ, ಏಕೆಂದರೆ ಬೆಸುಗೆಯ ಶಾಖಕ್ಕೆ ಎಪಾಕ್ಸಿ ಮೆತ್ತಗಾಗಿ ಹಾಳೆ ಜಾರುತ್ತದೆ. ಹಾಳೆಯಡಿ ಎಪಾಕ್ಸಿಯನ್ನು ತೆಳ್ಳಗೆ ಸವರಿ, ಮೇಲೆ ಪ್ಲಾಸ್ಟಿಕ್ ಹಾಳೆಯಿಟ್ಟು ಕ್ಲಿಪ್ಪಿನಿಂದ ಬಿಗಿದು ಒಂದು ಇಡೀ ದಿನ ಬಿಡಿ. ಗಟ್ಟಿಯಾದ ಮೇಲೆ ಹೆಚ್ಚಾದ ಅಂಟನ್ನು ಹೆರೆದು, ಬೋರ್ಡಿನ ತುದಿಯಲ್ಲಿ ಹಾಳೆ ಸ್ಪ್ರಿಂಗಿಗೆ ಸಿಕ್ಕಿ ಏಳದಂತೆ ಕೊಂಚ ಇಳಿಜಾರು ಮಾಡಬೇಕು.

ಸವೆದ ಪಟ್ಟಿಯ ಮೇಲೆ ಬೆಸುಗೆ ಸವರಿ ಮುಗಿಸುವ ಪದ್ಧತಿಯೂ ಇದೆ. ತುರ್ತಿಗೆ ಅದು ಕೆಲಸ ಮಾಡುತ್ತದೆ, ಆದರೆ ನಾನು ಅದನ್ನು ಒಪ್ಪುವುದಿಲ್ಲ: ಉಬ್ಬಿದ ಬೆಸುಗೆ ಕನೆಕ್ಟರಿನ ಸ್ಪ್ರಿಂಗನ್ನು ಅಗಲಿಸಿ ಸಡಿಲ ಮಾಡುತ್ತದೆ, ಆಮೇಲೆ ಒಳ್ಳೆಯ ಬೋರ್ಡ್ ಹಾಕಿದರೂ ಅಲ್ಲಿ ಹಿಡಿತ ಸಿಗುವುದಿಲ್ಲ.

ತಂತಿಗಳ ಬದಿಯ ಕನೆಕ್ಟರನ್ನೂ ಪರೀಕ್ಷಿಸಿ. ಅದರ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸುವುದೇ ಸರಿ. ಹೊಸ ಪಟ್ಟಿಯನ್ನು ಸುಟ್ಟ ಕನೆಕ್ಟರಿಗೆ ಕೊಟ್ಟರೆ ಅದಕ್ಕೂ ಅದೇ ಗತಿ. ಬೋರ್ಡ್ ತಿರುಗುಮುರುಗಾಗಿ ಕೂರದಂತೆ ತಡೆಯುವ ಸಣ್ಣ ತಡೆಗಟ್ಟು ಜಾಮಾ ಕನೆಕ್ಟರಿನ 7ನೇ ಸ್ಥಾನದಲ್ಲಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಯಂತ್ರ ಚಾಲೂ ಮಾಡುವ ಮೊದಲು ಪವರ್ ಸಪ್ಲೈನ ತಿರುಪನ್ನು ಕಡಿಮೆಗೆ ಇಳಿಸಲು ಮರೆಯಬಾರದು. ಹಿಂದೆ ಯಾರಾದರೂ ನಷ್ಟ ತುಂಬಲು ಏರಿಸಿಟ್ಟಿದ್ದರೆ, ಅಂಚು ಸರಿಯಾದ ಕ್ಷಣದಿಂದ ಆ ಹೆಚ್ಚುವರಿ ವೋಲ್ಟೇಜ್ ಇಡಿಯಾಗಿ ಚಿಪ್‌ಗಳ ಮೇಲೆ ಬೀಳುತ್ತದೆ. ಇಳಿಸಿದ ಮೇಲೆ ಯಂತ್ರ ಚಾಲೂ ಮಾಡಿ, ಮಲ್ಟಿಮೀಟರಿನ ಒಂದು ಮೊನೆಯನ್ನು 14 ಕಾಲುಗಳ ಟಿಟಿಎಲ್ ಚಿಪ್ಪೊಂದರ 14ನೇ ಕಾಲಿಗೂ ಇನ್ನೊಂದನ್ನು 7ನೇ ಕಾಲಿಗೂ ತಾಗಿಸಿ, ಅಲ್ಲಿ 5 ವೋಲ್ಟ್ ಬರುವಂತೆ ನಿಧಾನವಾಗಿ ಏರಿಸಿ. ಬಳಿಕ ಒಂದು ಮೊನೆಯನ್ನು ಸಪ್ಲೈನ 5 ವೋಲ್ಟ್ ತುದಿಗೂ ಇನ್ನೊಂದನ್ನು ಅದೇ 14ನೇ ಕಾಲಿಗೂ ಇಟ್ಟರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್ ನೇರವಾಗಿ ಕಾಣುತ್ತದೆ, ಅದು 0.2ಕ್ಕಿಂತ ಹೆಚ್ಚಿದ್ದರೆ ಯಂತ್ರ ನಿಲ್ಲಿಸಿ, ಬೋರ್ಡನ್ನು ಹೊರತೆಗೆದು ಅಂಚನ್ನೂ ಕನೆಕ್ಟರನ್ನೂ ಮತ್ತೊಮ್ಮೆ ನೋಡಿ.