ಸೀಟಿ ಊದಿದರೆ ವಾಪಸ್ ಬರುವ ಮುಧೋಳ: ನನ್ನ ಅನುಭವ

"ಮುಧೋಳ ನಾಯಿ ಹಗ್ಗ ಬಿಚ್ಚಿದ ಮೇಲೆ ನಿನ್ನದಲ್ಲ, ಹಸಿವಾದಾಗ ಬರತದ." ನಮ್ಮ ಕಾಕಾ ಹೇಳಿದ್ದು. ಮರಿ ಕೊಟ್ಟವನೂ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದ. ನಾನು ಮಾತ್ರ ಒಪ್ಪಲಿಲ್ಲ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿರುವ ನಾಯಿ ಸಂಶೋಧನಾ ಕೇಂದ್ರದಿಂದ ಮೀರತ್‌ಗೆ, ಸೇನೆಯ ತರಬೇತಿಗೆ ಮುಧೋಳ ಮರಿಗಳು ಹೋದ ಸುದ್ದಿ ಓದಿದ್ದೆ. ಏನೂ ಕಲಿಯದ ನಾಯಿಯನ್ನು ಅವರು ಸುಮ್ನೆ ಒಯ್ಯುತ್ತಾರಾ?

ಈಗ ನಮ್ಮ ನಾಯಿ ಚಿಗರಿ ಕಡಲೆ ಹೊಲದ ಆ ತುದಿಯಿಂದ ಸೀಟಿಗೆ ತಿರುಗಿ ಬರುತ್ತಾಳೆ. ಹತ್ತರಲ್ಲಿ ಎಂಟು ಸಲ. ಮೊಲ ಎದ್ದಿದ್ದರೆ ಐದು ಅನ್ನಿ. ಮುಧೋಳ ಸಾಕಿದವರಿಗೆ ಈ ಐದರ ಬೆಲೆ ಗೊತ್ತು.

ಇಷ್ಟಾಗಲು ಒಂದೂವರೆ ವರ್ಷ ಹಿಡಿಯಿತು. ದುಡ್ಡು 15 ಸಾವಿರದ ಹತ್ತಿರ ಹೋಯಿತು, ಅದರಲ್ಲಿ ಮುಕ್ಕಾಲು ಭಾಗ ದಂಡ. ಮೊದಲು ಒಬ್ಬ ಟ್ರೇನರ್‌ಗೆ ಒಂದು ತಿಂಗಳಿಗೆ 9 ಸಾವಿರ ಕೊಟ್ಟೆ. ಕೂರೋದು, ಕೈ ಕೊಡೋದು ಕಲಿಸಿದ. ಅಂಗಳದಲ್ಲಿ ಎಲ್ಲಾ ಚೆಂದ. ಹೊಲಕ್ಕೆ ಬಿಟ್ಟರೆ ಇವಳಿಗೆ ಕಿವಿಯೇ ಇಲ್ಲ. ಆಮೇಲೆ ಆನ್‌ಲೈನ್‌ನಲ್ಲಿ ಶಾಕ್ ಕೊಡುವ ಬೆಲ್ಟ್ ತರಿಸಿದೆ, 2,800 ಇರಬೇಕು. ಬಟನ್ ಒತ್ತಿದ ಹೊತ್ತಿಗೆ ಪಕ್ಕದವರ ಎಮ್ಮೆ ಎದುರಿಗಿತ್ತು. ಶಾಕ್ ಕೊಟ್ಟಿದ್ದು ಎಮ್ಮೆಯೇ ಅಂತ ತಿಳಿದಳು. ನಾಲ್ಕು ತಿಂಗಳು ಎಮ್ಮೆ ಕಂಡರೆ ನನ್ನ ಕಾಲ ಸಂದಿಗೆ ನುಗ್ಗುತ್ತಿದ್ದಳು. ಬೆಲ್ಟ್ ಇನ್ನೂ ಅಟ್ಟದ ಮೇಲಿದೆ.

ತಪ್ಪು ಎಲ್ಲಿದೆ ಅಂತ ಗೊತ್ತಾಗಿದ್ದು ಒಂದು ಭಾನುವಾರ. "ಬಾ" ಅಂದೆ. ಬಾಲ ಇಳಿಸಿ ಮಂಚದ ಕೆಳಗೆ ಹೋದಳು. ಯಾಕೆ ಅಂತ ಯೋಚಿಸಿದರೆ, "ಬಾ" ಅಂದಾಗಲೆಲ್ಲ ನಾವು ಮಾಡಿದ್ದೇನು? ಸ್ನಾನ, ಉಣ್ಣಿ ತೆಗೆಯೋದು, ಸರಪಳಿ. ಓಡಿಹೋಗಿ ತಾನಾಗಿ ಬಂದಾಗ ಎರಡು ಏಟು ಬೇರೆ. ಮೇಲಾಗಿ ಅವ್ವ "ಬಾ ಬಾ ಬಾ" ಅಂತ ಇಪ್ಪತ್ತು ಸಲ ಕರೀತಿದ್ದಳು, ಮಗ "ಕಮ್" ಅಂತಿದ್ದ. ಆ ಮಾತೇ ಕೆಟ್ಟುಹೋಗಿತ್ತು.

ಆ ಮಾತನ್ನೇ ಬಿಟ್ಟೆ. 60 ರೂಪಾಯಿಯ ಸೀಟಿ ತಂದೆ. ಅದನ್ನು ಊದೋದು ನಾನೊಬ್ಬನೇ, ಒಂದೇ ಸಲ. ಬಂದರೆ ಬೇಯಿಸಿದ ಕೋಳಿ ಲಿವರ್. ಕೊಟ್ಟ ತಕ್ಷಣ ಮತ್ತೆ ಓಡಲು ಬಿಡಬೇಕು, ಎಲ್ಲರೂ ಮರೆಯೋದು ಇಲ್ಲೇ. ಹತ್ತು ಸಲ ಕರೆದರೆ ಒಂಬತ್ತು ಸಲ ಬಿಟ್ಟೆ, ಒಂದು ಸಲ ಮಾತ್ರ ಮನೆಗೆ. ಬಂದರೆ ಆಟ ಮುಗಿಯುತ್ತೆ ಅಂತ ಗೊತ್ತಿರುವ ನಾಯಿ ಯಾಕಾದರೂ ಬರುತ್ತೆ ಹೇಳಿ?

ಮೊದಲ ಆರು ತಿಂಗಳು ಹತ್ತು ಮೀಟರ್ ಹಗ್ಗ ಕಟ್ಟಿಯೇ ಬಿಟ್ಟಿದ್ದು. ಶುರುವಿಗೆ ಕೊರಳಪಟ್ಟಿಗೆ ಕಟ್ಟಿದೆ, ದಡ್ಡತನ. ಪೂರ್ತಿ ಓಟದಲ್ಲಿ ಹಗ್ಗ ಮುಗಿದು ಕತ್ತು ಜಗ್ಗಿತು, ಎರಡು ದಿನ ಕೆಮ್ಮಿದಳು. ಡಾಕ್ಟರಿಗೆ 600. ಆಮೇಲೆ ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿದೆ. ಕೊರಳಪಟ್ಟಿ ಹೇಗೂ ನಿಲ್ಲಲ್ಲ, ಈ ಜಾತಿಗೆ ತಲೆ ಸಣ್ಣದಲ್ವಾ, ಹಿಂದೆ ಜಗ್ಗಿದರೆ ಜಾರಿ ಬರುತ್ತೆ. ನೈಲಾನ್ ಹಗ್ಗವನ್ನು ಬರಿಗೈಯಲ್ಲಿ ಹಿಡಿಯಬೇಡಿ, ನನ್ನ ಅಂಗೈ ಚರ್ಮ ಹೋಗಿತ್ತು. ಮಳೆ ಬಂದ ಮರುದಿನ ಎರೆ ಹೊಲಕ್ಕೂ ಒಯ್ಯಬೇಡಿ. ಹಗ್ಗಕ್ಕೆ ಮಣ್ಣು ಮೆತ್ತಿ ನಾಯಿಗಿಂತ ಅದೇ ಭಾರ ಆಗುತ್ತೆ.

ಸೀಟಿಯದ್ದೂ ಒಂದು ಫಜೀತಿ ಆಯಿತು. ರಸ್ತೆಯಲ್ಲಿ ಬಸ್ಸಿನ ಕಂಡಕ್ಟರ್ ಸೀಟಿ ಊದಿದ, ಇವಳು ಲಿವರ್ ಕೇಳಲು ಬಸ್ಸಿನ ಬಾಗಿಲಿಗೆ ಹೋಗಿ ನಿಂತಳು! ಅವತ್ತಿನಿಂದ ಬೇರೆ ಥರ ಊದುತ್ತೇನೆ, ಮೂರು ಗಿಡ್ಡ, ಒಂದು ಉದ್ದ. ನಡುವೆ ಲಿವರ್ ದುಬಾರಿ ಅಂತ ಜೋಳದ ರೊಟ್ಟಿ ಚೂರು ಕೊಟ್ಟು ನೋಡಿದೆ. ಮನೆಯೊಳಗೆ ನಡೆಯಿತು. ಹೊಲದಲ್ಲಿ ಮೂಸಿ ನೋಡಿ ಹೋದಳು. ಒಣಮೀನು ಲಿವರ್‌ಗಿಂತ ಚೆನ್ನಾಗಿ ಕೆಲಸ ಮಾಡಿತು, ಆದರೆ ನನ್ನ ಜೇಬಿನ ವಾಸನೆಗೆ ಹೆಂಡತಿ ಹೊರಗೆ ಮಲಗು ಅಂದಳು.

ಮೊಲ ಎದ್ದಾಗ ಊದುವ ಹೊತ್ತು ಮುಖ್ಯ. ಇವಳು ಓಡೋದು ಮೂಗಿನಿಂದಲ್ಲ, ಕಣ್ಣಿನಿಂದ. ಕಿವಿ ನೆಟ್ಟಗಾಗಿ, ಮುಂಗಾಲು ಒಂದು ಎತ್ತಿ, ಮೈ ಬಿಗಿಯುತ್ತಲ್ಲ, ಆ ಒಂದು ಕ್ಷಣದಲ್ಲಿ ಊದಬೇಕು. ಓಟ ಹಿಡಿದ ಮೇಲೆ ಉಸಿರು ದಂಡ. ಮೊಲ ಬಿಟ್ಟು ಬಂದ ದಿನಕ್ಕೆ ಬೇರೆ ಒಂದು ಡಬ್ಬಿ ಇದೆ. ಅದರಲ್ಲಿ ಏನಿದೆ ಅಂತ ಕಾಕಾಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಕಾಕಾ ಹೋದ ವಾರ ತಮ್ಮ ಗಂಡು ನಾಯಿಯನ್ನು ತಂದು ನಮ್ಮ ಅಂಗಳದಲ್ಲಿ ಕಟ್ಟಿದ್ದಾರೆ. ಆರು ವರ್ಷದ್ದು. "ಬಾ" ಅಂದರೆ ಬೇಲಿ ಹಾರುತ್ತೆ. ಹಾರ್ನೆಸ್ ದುಡ್ಡು ಅವರದೇ ಅಂತ ಮೊದಲೇ ಮಾತಾಡಿಕೊಂಡಿದ್ದೇನೆ.