ಜೇಕು ಕೀಳುವ ಮೊದಲು ಬುಡ ನೋಡಿ

ಶಿವಮೊಗ್ಗದ ನಮ್ಮ ಮನೆಯ ಹಿತ್ತಿಲು 20 ಅಡಿ ಉದ್ದ, 15 ಅಡಿ ಅಗಲ. ಮೂರು ವರ್ಷದ ಹಿಂದೆ ತರಕಾರಿ ಮಡಿ ಮಾಡೋಣ ಅಂತ ಒಂದು ಲೋಡ್ ಮಣ್ಣು ಹಾಕಿಸಿದೆವು. ಬೆಂಡೆ ಬೀಜ ಹಾಕಿದೆ. ಅದು ಮೊಳೆಯುವ ಮೊದಲೇ ಮಡಿ ತುಂಬಾ ಸೂಜಿಯಂಥ ಹಸಿರು ಮೊಳಕೆ ಎದ್ದವು. ಹುಲ್ಲು ಅಂದುಕೊಂಡು ಎಳೆದು ಹಾಕಿದೆ. ನಾಲ್ಕೇ ದಿನಕ್ಕೆ ಮತ್ತೆ ಅಷ್ಟೇ ಬಂತು.

ಅತ್ತೆ ಬಂದು ನೋಡಿದರು. ಮೂಲೆಯಲ್ಲಿ ಹೂ ಬಿಟ್ಟಿದ್ದ ಒಂದು ದಂಟು ಕಿತ್ತು ಕೈಗೆ ಕೊಟ್ಟು, "ಬೆರಳಲ್ಲಿ ಹೊರಳಿಸಿ ನೋಡೇ, ಇದು ಹುಲ್ಲಲ್ಲ, ಜೇಕು" ಅಂದರು. ಹೊರಳಿಸಿದೆ. ಮೂರು ಏಣು ಬೆರಳಿಗೆ ತಾಗಿದವು. ಗರಿಕೆ ದಂಟು ಹೀಗಿರುವುದಿಲ್ಲ, ದುಂಡಗೆ ಹೊರಳುತ್ತದೆ. ಇದನ್ನೇ ಕೆಲವರು ಕೊನ್ನಾರಿ ಗಡ್ಡೆ ಅನ್ನುತ್ತಾರೆ. ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಅಂತ ಸಿಗುವುದೂ ಇದರ ಗಡ್ಡೆಯೇ.

ಮಾರನೆಯ ದಿನ ಗುದ್ದಲಿ ಹಿಡಿದು ಇಡೀ ಮಡಿ ಕೊಚ್ಚಿ ಹಾಕಿದೆ. ಅದೇ ದೊಡ್ಡ ತಪ್ಪು. ಎರಡು ವಾರದಲ್ಲಿ ಮೊದಲಿಗಿಂತ ಜಾಸ್ತಿ ಜೇಕು ಎದ್ದಿತು. ಯಾಕೆ ಅಂತ ನೋಡಲು ಒಂದು ಗಿಡದ ಸುತ್ತ ಮಣ್ಣು ನಿಧಾನಕ್ಕೆ ಬಿಡಿಸಿದೆ. ಬುಡದಲ್ಲಿ ಕಡಲೆಕಾಳಿನಷ್ಟು ಕಪ್ಪು ಗಡ್ಡೆ. ಅದರಿಂದ ದಾರದಂಥ ಬೇರು ಹೊರಟು, ನಾಲ್ಕು ಬೆರಳು ಆಚೆ ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಜಪಮಣಿ ಪೋಣಿಸಿದ ಹಾಗೆ! ದಾರ ಕಡಿಯದೆ ಇರುವಾಗ ಎಲ್ಲ ಗಡ್ಡೆಗಳೂ ಮೊಳೆಯುವುದಿಲ್ಲ, ಹಲವು ಸುಮ್ನೆ ಮಲಗಿರುತ್ತವೆ. ಗುದ್ದಲಿಯಿಂದ ಕಡಿದಾಗ ಪ್ರತಿಯೊಂದೂ ತನ್ನದೇ ಗಿಡವಾಗಿ ಏಳುತ್ತದೆ.

ಅದಾದ ಮೇಲೆ ಏಪ್ರಿಲ್ ಬಿಸಿಲಿಗೆ ಕಾದೆ. ಹಿಂದಿನ ಸಂಜೆ ನೀರು ಹಾಯಿಸಿ, ಬೆಳಗ್ಗೆ ಕುರ್ಪಿಯಿಂದ ಅರ್ಧ ಅಡಿ ಆಳದ ಮಣ್ಣನ್ನು ಹೆಂಟೆ ಹೆಂಟೆಯಾಗಿ ಎತ್ತಿದೆ. ಗಡ್ಡೆಗಳು ಜಾಸ್ತಿ ಇರುವುದು ಅಷ್ಟು ಆಳದಲ್ಲೇ. ಮಣ್ಣನ್ನು ಕೈಯಲ್ಲಿ ಪುಡಿ ಮಾಡಿ ಮರಳು ಜರಡಿಯಲ್ಲಿ ಸೋಸಿದೆ. ದಿನಕ್ಕೆ ಒಂದು ಗಂಟೆ, ಹತ್ತೊಂಬತ್ತು ದಿನ. ಸಿಕ್ಕ ಗಡ್ಡೆಗಳನ್ನು ತಗಡಿನ ಮೇಲೆ ಹರಡಿ ಪೂರ್ತಿ ಒಣಗಿಸಿದೆ. ಒಣಗಿದರೆ ಮತ್ತೆ ಮೊಳೆಯುವುದಿಲ್ಲ. ಹಸಿಯಾಗಿಯೇ ಗೊಬ್ಬರದ ಗುಂಡಿಗೆ ಹಾಕಿದ್ದರೆ ಗೊಬ್ಬರದ ಜೊತೆ ಅವೂ ಮಡಿಗೆ ವಾಪಸ್ ಬರುತ್ತಿದ್ದವು.

ಆಮೇಲೂ ಬಂತು. ಆದರೆ ಹದಿನೈದು ದಿನಕ್ಕೊಮ್ಮೆ ತಪ್ಪದೆ ಕಿತ್ತೆ. ಮೊಳಕೆ ಎದ್ದು ಮೂರು ವಾರ ಬಿಟ್ಟರೆ ಅದು ಹೊಸ ಗಡ್ಡೆ ಕಟ್ಟಲು ಶುರು ಮಾಡುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿಯೂ ನೋಡಿದೆ, ಅದನ್ನೇ ಚುಚ್ಚಿಕೊಂಡು ಮೇಲೆ ಬಂತು. ಕೆಲಸಕ್ಕೆ ಬಂದದ್ದು ನೆರಳು. ಜೇಕಿಗೆ ನೆರಳು ಆಗುವುದಿಲ್ಲ. ಮಳೆ ಶುರುವಾದಾಗ ಮಡಿಗೆಲ್ಲ ಸಿಹಿಗೆಣಸಿನ ಬಳ್ಳಿ ನೆಟ್ಟೆ. ಎರಡು ತಿಂಗಳಲ್ಲಿ ನೆಲವೇ ಕಾಣದ ಹಾಗೆ ಹಬ್ಬಿತು. ಗೆಣಸು ಕಿತ್ತಾಗ ಇಡೀ ಮಡಿಯಲ್ಲಿ ಸಿಕ್ಕ ಜೇಕು ಒಂದು ಹಿಡಿ.

ಗೇಟಿನ ಬಳಿಯ ವೆಡೆಲಿಯಾದ ಕತೆ ಬೇರೆ. ಹಳದಿ ಹೂವಿನ ಆ ಬಳ್ಳಿ ಚೆಂದ ಅಂತ ನಾನೇ ನೆಟ್ಟಿದ್ದೆ. ಅದಕ್ಕೆ ಗಡ್ಡೆಯಿಲ್ಲ, ಬೀಜದ ಕಾಟವೂ ಅಷ್ಟಿಲ್ಲ. ನೆಲಕ್ಕೆ ತಾಗಿದ ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ. ಕಿತ್ತ ಬಳ್ಳಿಯನ್ನು ಚರಂಡಿ ಪಕ್ಕ ಎಸೆದಿದ್ದೆ, ಅಲ್ಲೂ ಚಿಗುರಿತು. ಬೀದಿಗೆಲ್ಲ ಹಬ್ಬುವ ಮೊದಲು ನಾನೇ ಹೋಗಿ ಅಷ್ಟನ್ನೂ ಕಿತ್ತು ತಂದೆ. ಈಗ ಕಿತ್ತದ್ದನ್ನೆಲ್ಲ ಚೀಲದಲ್ಲಿ ಕಟ್ಟಿ, ಕಪ್ಪಾಗಿ ಒಣಗುವವರೆಗೆ ತಾರಸಿಯಲ್ಲಿ ಇಡುತ್ತೇನೆ.

ಹಬ್ಬುವುದನ್ನೆಲ್ಲ ಕೀಳಬೇಕಾಗಿಲ್ಲ. ಪುದೀನ ಕುಂಡದಲ್ಲೇ ಇದೆ, ನೆಲಕ್ಕೆ ಬಿಡುವುದಿಲ್ಲ. ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಒಂದೆಲಗ ತನ್ನಷ್ಟಕ್ಕೆ ಹರಡಿಕೊಂಡಿದೆ. ಅದು ಎಷ್ಟು ಹಬ್ಬಿದರೂ ನಮಗೆ ಖುಷಿಯೇ, ವಾರಕ್ಕೆರಡು ಸಲ ತಂಬುಳಿ ಆಗುತ್ತದಲ್ವಾ?

ಈಗ ನರ್ಸರಿಯಿಂದ ಯಾವ ಗಿಡ ತಂದರೂ ಮೊದಲು ಕವರ್ ಹರಿದು, ಬೇರಿನ ಸುತ್ತಲ ಮಣ್ಣು ಬಿಡಿಸಿ ನೋಡುತ್ತೇನೆ. ಹೋದ ತಿಂಗಳು ತಂದ ಮಲ್ಲಿಗೆ ಗಿಡದ ಬುಡದಲ್ಲಿ ಎರಡು ಕಪ್ಪು ಗಡ್ಡೆ ಸಿಕ್ಕವು. ತೆಗೆದು ತಗಡಿನ ಮೇಲೆ ಇಟ್ಟು, ಆಮೇಲೆ ಮಲ್ಲಿಗೆ ನೆಟ್ಟೆ.