ಸಾವಿರದೈನೂರರ ಕಿಟ್ ಕಾರು: ದುಡ್ಡಿಗೆ ತಕ್ಕ ಮಾಲೇ?

ಮಿನಿ ಪ್ರಾಜೆಕ್ಟ್ ಹತ್ತಿರ ಬಂದಾಗ ದಾವಣಗೆರೆಯ ಡಿಪ್ಲೊಮಾ, ಎಂಜಿನಿಯರಿಂಗ್ ಹುಡುಗರದ್ದು ಒಂದೇ ಪ್ರಶ್ನೆ: "ಸರ್, ಆನ್‌ಲೈನಲ್ಲಿ ಬರೋ ನಾಲ್ಕು ಚಕ್ರದ ಬ್ಲೂಟೂತ್ ಕಾರ್ ಕಿಟ್ ತಗೋಬಹುದಾ?" ತಗೋಬಹುದು. ಆದರೆ ಪೂರ್ತಿ ಕಿಟ್ ಬೇಡ, ಬರೀ ಚಾಸಿ ಸೆಟ್ ಸಾಕು. ಎರಡು ಅಕ್ರಿಲಿಕ್ ಹಾಳೆ, ನಾಲ್ಕು ಬಿಓ ಮೋಟರ್ (ಗೇರು ಕೂಡಿಸಿದ ಹಳದಿ ಪುಟ್ಟ ಮೋಟರ್), 65 ಮಿ.ಮೀ. ಚಕ್ರ ನಾಲ್ಕು, ನಟ್ಟು ಬೋಲ್ಟು ಸೇರಿ ನನಗೆ ಬಿದ್ದದ್ದು ಐನೂರರ ಆಸುಪಾಸು. ಇಷ್ಟನ್ನು ಇಲ್ಲೇ ಕತ್ತರಿಸಿ, ಕೊರೆದು ಮಾಡಿಸಲು ಹೋದರೆ ಆ ದುಡ್ಡಿಗೆ ಆಗುವುದಿಲ್ಲ. ಸಾವಿರದೈನೂರರ 'ಕಂಪ್ಲೀಟ್' ಕಿಟ್‌ನಲ್ಲಿ ಮೋಸ ಇರುವುದು ಉಳಿದ ಸಾವಿರ ರೂಪಾಯಿಯಲ್ಲಿ. ಅದರಲ್ಲೂ ಕರೆಂಟು ಹೊರುವ ಮೂರು ಸಾಮಾನಿನಲ್ಲಿ: ಬ್ಯಾಟರಿ, ಡ್ರೈವರ್ (ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹಾಯಿಸುವ ಬೋರ್ಡು), ವೈರು.

ಮೊದಲು ಜೋಡಣೆ. ಅಕ್ರಿಲಿಕ್ ಮೇಲೆ ಅಂಟಿರುವ ಕಂದು ಕಾಗದ ಕಿತ್ತು ಹಾಕಬೇಕು. ಎಷ್ಟೋ ಜನ ಅದನ್ನೇ ಬಣ್ಣ ಅಂದುಕೊಂಡು ಹಾಗೇ ಬೋಲ್ಟು ಬಿಗಿಯುತ್ತಾರೆ. ಬಿಡದಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ. ಮೋಟರ್ ಕೂರಿಸಲು 30 ಮಿ.ಮೀ. ಉದ್ದದ ಎಂ3 ಬೋಲ್ಟು, ಟಿ ಆಕಾರದ ಅಕ್ರಿಲಿಕ್ ತುಂಡು ಬರುತ್ತವೆ. ಆ ತುಂಡು ಒಡೆಯುವುದು ಕಾರು ಗೋಡೆಗೆ ಗುದ್ದಿ ಅಲ್ಲ, ಸ್ಕ್ರೂ ಡ್ರೈವರ್‌ನಿಂದ. ಬೆರಳಲ್ಲಿ ಬಿಗಿದು, ಆಮೇಲೆ ಕಾಲು ಸುತ್ತು ಸಾಕು. ಅಷ್ಟಕ್ಕೇ ನಟ್ಟು ಸಡಿಲವಾಗುತ್ತದೆ ಅನಿಸಿದರೆ ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವ ನಟ್ಟು) ಹಾಕಿ. ಫೆವಿಕ್ವಿಕ್ ಹಾಕಿದರೆ ಅಕ್ರಿಲಿಕ್ ಮೇಲೆ ಬಿಳಿ ಮಂಜು ಕೂರುತ್ತದೆ, ಮತ್ತೆ ಹೋಗುವುದಿಲ್ಲ.

ಮೋಟರ್ ಕೂರಿಸುವ ಮುಂಚೆ ಅರ್ಧ ಗಂಟೆ ಖರ್ಚು ಮಾಡಿದರೆ ಮುಂದೆ ನಾಲ್ಕು ದಿನ ಉಳಿಯುತ್ತದೆ. ಈ ಹಳದಿ ಮೋಟರ್‌ಗಳ ಗೇರು ಪ್ಲಾಸ್ಟಿಕ್ಕು, ಅನುಪಾತ 1:48, 6 ವೋಲ್ಟಿಗೆ ನಿಮಿಷಕ್ಕೆ ಸುಮಾರು 200 ಸುತ್ತು. ಅಂದರೆ ಲೆಕ್ಕದ ಪ್ರಕಾರ ಸೆಕೆಂಡಿಗೆ 68 ಸೆಂ.ಮೀ., ನಾವು ನಿಧಾನಕ್ಕೆ ನಡೆಯುವಷ್ಟು. ಆದರೆ ನಾಲ್ಕೂ ಒಂದೇ ಸಮ ತಿರುಗುವುದಿಲ್ಲ. ಚಕ್ರಕ್ಕೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದು, 5 ವೋಲ್ಟ್ ಕೊಟ್ಟು, ಮೊಬೈಲಿನ ಸ್ಲೋ ಮೋಷನ್‌ನಲ್ಲಿ 15 ಸೆಕೆಂಡ್ ಹಿಡಿದು ಸುತ್ತು ಎಣಿಸಿ. ನಲವತ್ತರ ಸುತ್ತ ಬರುತ್ತದೆ. ಒಂದೇ ಪೊಟ್ಟಣದ ಮೋಟರ್‌ಗಳಲ್ಲೇ ಮೂರು ನಾಲ್ಕು ಸುತ್ತಿನ ವ್ಯತ್ಯಾಸ ಸಿಕ್ಕಿದೆ. ಎಲ್ಲಕ್ಕಿಂತ ಜೋರಿನದನ್ನೂ ಎಲ್ಲಕ್ಕಿಂತ ಮಂದನದನ್ನೂ ಒಂದೇ ಬದಿಗೆ ಹಾಕಿ, ನಡುವಿನ ಎರಡನ್ನು ಇನ್ನೊಂದು ಬದಿಗೆ. ಎರಡು ಬದಿಯ ಸರಾಸರಿ ಹತ್ತಿರ ಬರುತ್ತದೆ, ಕಾರು ಎಡಕ್ಕೋ ಬಲಕ್ಕೋ ವಾಲುವುದು ಕಮ್ಮಿಯಾಗುತ್ತದೆ. ಉಳಿದ ವಾಲನ್ನು ಪ್ರೋಗ್ರಾಮಿನಲ್ಲಿ ತೆಗೆಯಬಹುದು: ಮೂರು ಮೀಟರ್ ನೇರ ಓಡಿಸಿ, ಜೋರು ಬದಿಯ ಪಿಡಬ್ಲ್ಯೂಎಂ (ಮೋಟರಿನ ವೇಗ ಹೇಳುವ ಸಂಖ್ಯೆ) 200 ಇದ್ದರೆ ಐದೈದು ಇಳಿಸುತ್ತಾ ಬನ್ನಿ.

ಮೋಟರ್ ಹಿಂದಿನ ತಾಮ್ರದ ನಾಲಿಗೆ ಬಲು ನಾಜೂಕು. ಎರಡು ಸಲ ಬಗ್ಗಿಸಿದರೆ ಬುಡಕ್ಕೇ ಕಿತ್ತು ಬರುತ್ತದೆ, ಮೋಟರ್ ಹೋಯ್ತು ಅಂತಲೇ ಲೆಕ್ಕ. ವೈರು ಬೆಸೆಯಲು 25 ವ್ಯಾಟ್ ಸೋಲ್ಡರಿಂಗ್ ಐರನ್, ಎರಡೇ ಸೆಕೆಂಡ್. ಜಾಸ್ತಿ ಹೊತ್ತು ಹಿಡಿದರೆ ಹಿಂದಿನ ಪ್ಲಾಸ್ಟಿಕ್ ಕರಗಿ ಬ್ರಶ್ ಜಾಗ ತಪ್ಪುತ್ತದೆ. ಎರಡು ನಾಲಿಗೆಗೂ ಅಡ್ಡಲಾಗಿ '104' ಎಂದು ಬರೆದಿರುವ ಸೆರಾಮಿಕ್ ಕೆಪಾಸಿಟರ್ ಬೆಸೆದು, ವೈರನ್ನು ಮೋಟರಿನ ಮೈಗೆ ಕೇಬಲ್ ಟೈನಲ್ಲಿ ಕಟ್ಟಿ. ಆಗ ವೈರು ಎಳೆದರೆ ಭಾರ ಬೀಳುವುದು ಟೈ ಮೇಲೆ. ಒಂದೇ ಬದಿಯ ಎರಡು ಚಕ್ರ ಎದುರು ಬದುರು ತಿರುಗಿದರೆ ಗಾಬರಿ ಬೇಡ, ಒಂದರ ವೈರು ಅದಲು ಬದಲು ಮಾಡಿ.

ಈಗ ಡ್ರೈವರ್. ಕಿಟ್‌ನಲ್ಲಿ ಬರುವುದು ಕೆಂಪು ಬೋರ್ಡಿನ ಎಲ್298ಎನ್. ಹಳೇ ಟ್ರಾನ್ಸಿಸ್ಟರ್ ಮಾದರಿ, ಕರೆಂಟು ದಾಟುವಾಗ ತಾನೇ ಹತ್ತಿರ ಹತ್ತಿರ 2 ವೋಲ್ಟ್ ತಿನ್ನುತ್ತದೆ. ಕಿಟ್‌ನ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ 6ರಲ್ಲಿ ಮೋಟರಿಗೆ ಸಿಗುವುದು 4. "ಕಾರು ಎತ್ತಿ ಹಿಡಿದ್ರೆ ಓಡುತ್ತೆ, ನೆಲಕ್ಕಿಟ್ರೆ ಇಲ್ಲ" ಎಂಬ ದೂರಿನ ಮೂಲ ಇದೇ. ಕೆಲವು ಕಿಟ್‌ಗಳಲ್ಲಿ 9 ವೋಲ್ಟಿನ ಚೌಕ ಬ್ಯಾಟರಿಯ ಕ್ಲಿಪ್ ಕೊಟ್ಟಿರುತ್ತಾರೆ; ಆ ಬ್ಯಾಟರಿ ಮಲ್ಟಿಮೀಟರಿಗೆ ಸರಿ, ನಾಲ್ಕು ಮೋಟರಿಗೆ ಅಲ್ಲ. ಮೋಟರ್ ಹೊರಟ ಕ್ಷಣಕ್ಕೆ ವೋಲ್ಟ್ ಕುಸಿದು ಉನೋ (ಪ್ರೋಗ್ರಾಂ ಓಡಿಸುವ ಆರ್ಡುಯಿನೋ ಬೋರ್ಡು) ರೀಸೆಟ್ ಆಗುತ್ತದೆ, ಹುಡುಗರು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ.

ನಾನು ಹಾಕುವುದು ಟಿಬಿ6612 ಬೋರ್ಡು, ಎರಡು. ಬೋರ್ಡಿಗೆ ಎರಡು ಚಾನೆಲ್, ಅಂದರೆ ಮೋಟರಿಗೆ ಕರೆಂಟು ಹೋಗುವ ದಾರಿ; ಒಂದೊಂದು 1.2 ಆಂಪಿಯರ್ ತಡೆಯುತ್ತದೆ, ಮೋಟರಿಗೆ ಒಂದೊಂದು ಚಾನೆಲ್ ಕೊಟ್ಟರೆ ನಿಶ್ಚಿಂತೆ. ಒಂದು ಬದಿಯ ಎರಡೂ ಚಾನೆಲ್‌ಗಳ ಸಿಗ್ನಲ್ ಪಿನ್ನು ಒಟ್ಟಿಗೆ ಸೇರಿಸಿದರೆ ಉನೋದಲ್ಲಿ ಹೆಚ್ಚು ಪಿನ್ ಬೇಕಾಗುವುದಿಲ್ಲ. ಎಸ್‌ಟಿಬಿವೈ ಎಂಬ ಪಿನ್ನನ್ನು 5 ವೋಲ್ಟಿಗೆ ಕಟ್ಟದಿದ್ದರೆ ಬೋರ್ಡು ಸತ್ತಂತೆ ಬಿದ್ದಿರುತ್ತದೆ. ಬ್ಯಾಟರಿ, ಡ್ರೈವರ್, ಉನೋ ಮೂರರ ಗ್ರೌಂಡೂ ಒಂದಾಗಿರಬೇಕು.

ಬ್ಯಾಟರಿಯಲ್ಲೇ ದೊಡ್ಡ ಸುಳ್ಳು. 18650 ಎಂಬ ಚಾರ್ಜ್ ಆಗುವ ಲಿಥಿಯಂ ಸೆಲ್ ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಅಚ್ಚು ಹಾಕಿರುತ್ತಾರೆ. ಒಳ್ಳೇ ಕಂಪನಿಯ ಸೆಲ್ಲೇ 3500ರ ಆಸುಪಾಸಿಗೆ ನಿಲ್ಲುತ್ತದೆ. ಪರೀಕ್ಷೆ ಸುಲಭ: ಚಿನ್ನ ತೂಗುವ ತಕ್ಕಡಿ ಇರುವ ಅಂಗಡಿಗೆ ಒಯ್ದು ತೂಗಿಸಿ. ಅಸಲಿ ಸೆಲ್ 45 ಗ್ರಾಂ ಹತ್ತಿರ ಇರುತ್ತದೆ. ಕಿಟ್ ಜೊತೆ ಬಂದ ಒಂದು ನೀಲಿ ಸೆಲ್ 30 ಗ್ರಾಂ ಕೂಡ ತೂಗಲಿಲ್ಲ, ಓಡಿದ್ದು ಇಪ್ಪತ್ತು ನಿಮಿಷ. 2500 ಎಂಎಎಚ್‌ನ ನಿಜವಾದ ಸೆಲ್ ಎರಡು, ಸರಣಿಯಲ್ಲಿ ಹಾಕಿದರೆ ತುಂಬಿದಾಗ 8.4 ವೋಲ್ಟ್. ಎರಡೂ ಒಟ್ಟಿಗೆ ಕೊಂಡವೇ ಆಗಿರಲಿ, ಹಳೇದು ಹೊಸದು ಬೆರೆಸಬೇಡಿ. ಹೋಲ್ಡರಿನಿಂದ ತೆಗೆದು ಒಂದೊಂದಾಗಿ ಟಿಪಿ4056 ಬೋರ್ಡಿನಲ್ಲಿ ಚಾರ್ಜ್ ಮಾಡಿ. ಆ ಬೋರ್ಡು ಒಂದು ಸೆಲ್ಲಿಗೆ ಮಾತ್ರ. ಓಡಿಸುವಾಗ ಎರಡೂ ಸೇರಿ 6.8 ವೋಲ್ಟಿಗೆ ಇಳಿದರೆ ನಿಲ್ಲಿಸಿ. ಉನೋದ ರೆಗ್ಯುಲೇಟರಿಗೂ ಅದಕ್ಕಿಂತ ಕೆಳಗೆ 5 ವೋಲ್ಟ್ ಕೊಡಲು ಆಗುವುದಿಲ್ಲ.

ಕಿಟ್‌ನ ಜಂಪರ್ ವೈರಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗಿರುವುದು ತಾಮ್ರದ ಲೇಪದ ಕಬ್ಬಿಣ. ಸಿಗ್ನಲಿಗೆ ಪರವಾಗಿಲ್ಲ. ಮೋಟರಿಗೂ ಬ್ಯಾಟರಿಗೂ ಎಲೆಕ್ಟ್ರಿಕಲ್ ಅಂಗಡಿಯ 0.5 ಚದರ ಮಿ.ಮೀ. ತಾಮ್ರದ ವೈರು ಎರಡು ಮೀಟರ್ ತನ್ನಿ.

ಉನೋ ಕ್ಲೋನ್ (ಬೇರೆಯವರು ಮಾಡಿದ ನಕಲು ಬೋರ್ಡು) ಮಾತ್ರ ಕೊಟ್ಟ ಕಾಸಿಗೆ ಲಾಭವೇ. ಲ್ಯಾಪ್‌ಟಾಪಿಗೆ ಸಿಎಚ್340 ಡ್ರೈವರ್ (ಇದು ಬೋರ್ಡಲ್ಲ, ಸಾಫ್ಟ್‌ವೇರ್) ಹಾಕಿದರೆ ಅದು ಗುರುತಿಸುತ್ತದೆ. ಎಚ್‌ಸಿ-05 ಬ್ಲೂಟೂತ್ ಕೂಡ ಸರಿ, ಪಾಸ್‌ವರ್ಡ್ 1234 ಅಥವಾ 0000. ಪ್ರೋಗ್ರಾಂ ಏರಿಸುವಾಗ ಬ್ಲೂಟೂತಿನ ಟಿಎಕ್ಸ್ (ಕಳಿಸುವ), ಆರ್‌ಎಕ್ಸ್ (ಪಡೆಯುವ) ಪಿನ್ನಿನ ವೈರು ಬಿಚ್ಚಿರಬೇಕು. ಆರ್‌ಎಕ್ಸ್‌ಗೆ 3.3 ವೋಲ್ಟ್ ಸಾಕು, 1 ಕೆ ಮತ್ತು 2 ಕೆ ರೆಸಿಸ್ಟರ್‌ನಲ್ಲಿ ಇಳಿಸಿ ಕೊಡಿ. ಐಫೋನಿಗೆ ಇದು ಕೂಡಿ ಬರುವುದಿಲ್ಲ.

ಓಡಿಸುವ ನೆಲವೂ ಲೆಕ್ಕಕ್ಕೆ ಬರುತ್ತದೆ. ಸ್ಟೀರಿಂಗ್ ಇಲ್ಲದ ಕಾರು ಇದು, ತಿರುಗಬೇಕಾದರೆ ನಾಲ್ಕು ಟೈರೂ ಅಡ್ಡಡ್ಡ ಉಜ್ಜಿಕೊಂಡೇ ತಿರುಗಬೇಕು. ರೆಡ್ ಆಕ್ಸೈಡ್ ನೆಲದಲ್ಲಿ ಗಿರಗಿರ ತಿರುಗಿದ್ದು ಕಾಲೇಜಿನ ಒರಟು ಸಿಮೆಂಟಿನ ಮೇಲೆ ಒದ್ದಾಡಿ ನಿಲ್ಲುತ್ತದೆ, ಪ್ರದರ್ಶನದ ದಿನವೇ. ಹಿಂದಿನ ಎರಡು ಟೈರಿಗೆ ಪಿವಿಸಿ ಇನ್ಸುಲೇಶನ್ ಟೇಪ್ ಒಂದು ಸುತ್ತು ಸುತ್ತಿ. ಅವು ಜಾರುತ್ತವೆ, ಮುಂದಿನವು ಹಿಡಿಯುತ್ತವೆ, ತಿರುವು ಸಲೀಸು.

ಚಾಸಿ 500, ಎರಡು ಡ್ರೈವರ್ 300, ಉನೋ 350, ಬ್ಲೂಟೂತ್ 230, ಸೆಲ್ 400, ಹೋಲ್ಡರ್, ಚಾರ್ಜರ್, ಸ್ವಿಚ್, ವೈರು ಸೇರಿ 200: ನನಗೆ ಒಟ್ಟು 1,980 ಬಿತ್ತು. ಕಿಟ್‌ಗಿಂತ ಸುಮಾರು ಐನೂರು ಜಾಸ್ತಿ. ರಜೆಗೆ ಊರಿಗೆ ಹೋಗುವಾಗ ಸೆಲ್ಲನ್ನು ಪೂರ್ತಿ ತುಂಬಿಸಿಡಬೇಡಿ, ಖಾಲಿಯೂ ಬಿಡಬೇಡಿ. ಒಂದೊಂದು 3.8 ವೋಲ್ಟ್ ಇರುವಾಗ ಹೋಲ್ಡರಿನಿಂದ ತೆಗೆದು, ತುದಿಗೆ ಟೇಪ್ ಹಚ್ಚಿ, ಬಿಸಿಲು ತಾಗದ ಕಡೆ ಎತ್ತಿಡಿ.